ಸುಮ್ಮನಿರುವವಳ ಕಾಯಿಲೆ

೧.
ಎಲ್ಲಿಂದ ಶುರು ಮಾಡಲಿ? ‘ತೋಕಿಲುಪೆ ಕೊರಗುತ್ತಿದ್ದಳು’ ಎಂದು ಬರೆದೆ. ನಮ್ಮ ಟೋಂಗಾದಂಥ ವಾಚಾಳಿ ನಾಡಿನಲ್ಲಿ ಮಾತಾಡದ ಹುಡುಗಿ, ಕೊರಗಲ್ಲದೆ ಇನ್ನೇನು? ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ಮೇಲೆ ಬಣ್ಣ ಎಳೆಯುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು: “ಯಾರು ಹೇಳಿದ್ದು ನಿಮಗೆ?”

ಆ ಸಾಲನ್ನು ಹೊಡೆದು ಹಾಕಿದೆ.

೨.
ಹೇಳಿದ್ದು ಅವಳ ಸೋದರತ್ತೆ ಫುಸಿಪಾಲಾ. ಅಪ್ಪನ ಅಕ್ಕನಿಗೆ ನಮ್ಮಲ್ಲಿ ಎದುರಾಡುವಂತಿಲ್ಲ. ಅದರಲ್ಲೂ ಇವಳ ನಗು ದೋಣಿಕಟ್ಟೆಯವರೆಗೂ ಕೇಳುವಂಥದು. ಹೆಂಗಸರೆಲ್ಲ ಹಾಡುತ್ತ, ಒಬ್ಬರ ಕಾಲೊಬ್ಬರು ಎಳೆಯುತ್ತ ತೊಗಟೆಯ ಪಟ್ಟಿಗಳನ್ನು ಸೇರಿಸಿ ಬಟ್ಟೆ ಅಂಟಿಸುವಾಗ ತೋಕಿಲುಪೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವಳಂತೆ ಗೆರೆ ಎಳೆಯುವವರು ಇಡೀ ದ್ವೀಪದಲ್ಲಿ ಇನ್ನೊಬ್ಬರಿಲ್ಲ. ಅದು ಅವಳಿಗೂ ಗೊತ್ತಿತ್ತು.

“ಬಾಯಿಗೆ ಬೀಗ ಹಾಕ್ಕೊಂಡಿದೀಯಲ್ಲೇ! ಇದು ಮನಸ್ಸಿನ ಕಾಯಿಲೆ. ನಡಿ ಆಸ್ಪತ್ರೆಗೆ.”

“ನಂಗೇನೂ ಆಗಿಲ್ಲ ಅತ್ತೆ.”

“ಕಾಯಿಲೆಯವರೆಲ್ಲ ಹಾಗೇ ಹೇಳೋದು.”

(ಓದುಗರೇ, ನಾನೂ ಅತ್ತೆಯ ಪಕ್ಷವೇ. ಸುಮ್ಮನಿರುವವರನ್ನು ಕಂಡರೆ ಕಥೆಗಾರರ ಬಾಯಲ್ಲಿ ನೀರೂರುತ್ತದೆ.)

೩.
ನರ್ಸ್ ಸಿಯೋಸಿಯಾನಾ ಕಾಗದ ನೋಡಿಕೊಂಡು ಕೇಳಿದಳು: “ನಿದ್ದೆ ಬರುತ್ತಾ?”

“ಎಲ್ಲಿ ಬರುತ್ತೆ!” ಎಂದಳು ಅತ್ತೆ.

“ನಾನು ಅವಳನ್ನ ಕೇಳ್ತಿದೀನಿ.”

“ಚೆನ್ನಾಗಿ ಬರುತ್ತೆ,” ಎಂದಳು ತೋಕಿಲುಪೆ.

“ಕೆಲಸದಲ್ಲಿ ಖುಷಿ ಇದೆಯಾ?”

“ಭಾನುವಾರ ದೇವರ ದಿನ ಅಂತ ಕೆಲಸ ಮುಟ್ಟೋ ಹಾಗಿಲ್ಲವಲ್ಲ, ಅದೊಂದೇ ಬೇಜಾರು.”

“ಸುಳ್ಳು!” ಅತ್ತೆ ಸಿಡಿದಳು. “ನಾಲ್ಕು ತಿಂಗಳಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ. ಬೆಳಿಗ್ಗೆ ಎದ್ದರೆ ನಗೋದೂ ಒಂದು ಹೊರೆ, ಗುಡ್ಡಕ್ಕೆ ನೀರು ಹೊತ್ತ ಹಾಗೆ...”

ಅರ್ಧಕ್ಕೇ ಮಾತು ನಿಲ್ಲಿಸಿದಳು. ತನ್ನ ಮಾತು ತನಗೇ ಕೇಳಿಸಿತ್ತು.

೪.
ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಅತ್ತೆ ಬಿಕ್ಕಿ ಬಿಕ್ಕಿ ಅತ್ತಿದ್ದಳು. “ನಾನು ಯಾವತ್ತು ಅತ್ತಿದ್ದೀನೋ? ತೆಗಿ ಅದನ್ನ!” ಎಂದು ಗದರಿದಳು. ತೆಗೆದೆ. ನಡೆದದ್ದು ಇಷ್ಟು: ಸೋದರಸೊಸೆಯನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ತಾನು ಕೂತಳು, ಬೆನ್ನು ನೆಟ್ಟಗೆ ಮಾಡಿ.

“ಮೊದಲನೇ ಪ್ರಶ್ನೆಯಿಂದ ಕೇಳು. ನನ್ನ ಕೇಳು.”

ಹಿರಿಯಳ ಗುಟ್ಟು ಕೇಳಬಾರದೆಂದು ತೋಕಿಲುಪೆ ಬಾಗಿಲತ್ತ ಹೊರಟಳು.

“ನೀನು ಇಲ್ಲೇ ಇರೇ. ನೀನು ಯಾರಿಗೂ ಹೇಳೋಳಲ್ಲ.”

ತನ್ನ ಮೌನದ ಬಗ್ಗೆ ಅವಳಿಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

(ಹಾಗಾದರೆ ನನಗೆ ಹೇಳಿದ್ದು ಯಾರು? ಅತ್ತೆಯೇ. ನನಗಿಂತ ಮೊದಲು ಬಟ್ಟೆ ಅಂಟಿಸುವ ಹೆಂಗಸರಿಗೆಲ್ಲ ಹೇಳಿಯಾಗಿತ್ತು, ಅದೂ ದೊಡ್ಡ ಗಂಟಲಲ್ಲಿ.)

೫.
ಮುಕ್ತಾಯ ಒಂದು: ಅತ್ತೆಗೆ ಪೂರ್ತಿ ಗುಣವಾಯಿತು. ಇನ್ನೊಂದು: ತೋಕಿಲುಪೆ ಮಾತು ಕಲಿತಳು. ಎರಡನ್ನೂ ಇಬ್ಬರಿಗೂ ಓದಿ ಹೇಳಿದೆ. ತೋಕಿಲುಪೆ ಮೆಲ್ಲಗೆ ನಕ್ಕು ತನ್ನ ಬಣ್ಣದ ಕಡೆ ತಿರುಗಿದಳು.

“ಗುಣ ಆಯ್ತು ಅಂತ ಬರೀಬೇಡ ಕಣೋ,” ಎಂದಳು ಅತ್ತೆ. “ಮಂಗಳವಾರ ಮಂಗಳವಾರ ಆಸ್ಪತ್ರೆಗೆ ಹೋಗ್ತಾಳೆ ಅಂತ ಬರಿ. ತಲೆ ಎತ್ಕೊಂಡು ಹೋಗ್ತಾಳೆ ಅಂತ ಬರಿ.”

ಬರೆದಿದ್ದೇನೆ. ಇವತ್ತಿನ್ನೂ ಸೋಮವಾರ.