ಬೂದಿ ಹತ್ತಿದ ಬೆರಳು

ಎಡಗೈಯಲ್ಲಿ ಮಗ್ಗದ ಮೇಲೆ ನೇಯ್ದು ಮುಗಿದ ಹಳೆಯ ಹಾಸಿನ ಉದ್ದೆಳೆ, ಬಲಗೈಯಲ್ಲಿ ಹೊಸ ಹಾಸಿನ ಎಳೆ. ಎರಡರ ತುದಿ ಕೂಡಿಸಿ, ತೆಂಗಿನ ಚಿಪ್ಪಿನಲ್ಲಿದ್ದ ಬೂದಿಗೆ ಹೆಬ್ಬೆರಳು ತಾಗಿಸಿ, ಒಮ್ಮೆ ಹೊಸೆದು ವಿಜಯಲಕ್ಷ್ಮಿ ಮುಂದಿನ ಎಳೆಗೆ ಕೈಹಾಕಿದಳು. ಗಂಟು ಹಾಕುವಂತಿಲ್ಲ. ಗಂಟಾದರೆ ನೇಯುವಾಗ ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಸಿಕ್ಕಿ ಎಳೆ ಹರಿಯುತ್ತದೆ. ಬೂದಿ ಹಚ್ಚಿ ಹೊಸೆದರೆ ಎರಡೂ ಒಂದಾಗಿ ದಾಟಿಬಿಡುತ್ತವೆ. ಹೀಗೆ ನಾಲ್ಕು ಸಾವಿರದ ಹತ್ತಿರ ಎಳೆ. ಅವು ಮುಗಿಯುವ ತನಕ ಮಗ್ಗದ ಸಪ್ಪಳವಿಲ್ಲ.

ಸಪ್ಪಳವಿಲ್ಲದ್ದರಿಂದಲೇ ಮಗಳು ನೀಲಾ ಪುಸ್ತಕ ಹಿಡಿದು ಮಗ್ಗದ ಪಕ್ಕಕ್ಕೆ ಬಂದು ಕೂತಿದ್ದಳು. ಒಂಬತ್ತನೆಯ ಇಯತ್ತೆಯ ಕನ್ನಡ ಪದ್ಯ. ದೊಡ್ಡವನಾದ ಒಬ್ಬ ಮನುಷ್ಯ ಎಷ್ಟೋ ವರ್ಷದ ಮೇಲೆ ತನ್ನ ಪ್ರಾಥಮಿಕ ಶಾಲೆಯ ಮುಂದೆ ಹಾಯ್ದು ಹೋಗುತ್ತಾನೆ. ಗಂಟೆ ಅದೇ, ಬೇವಿನ ಗಿಡ ಅದೇ, ಹಲಗೆಯ ಮೂಲೆಯಲ್ಲಿ ಅಳಿಸದೆ ಉಳಿದ ತಾರೀಖು. ನೀಲಾ ಕೊನೆಯ ಸಾಲುಗಳನ್ನು ಕಣ್ಣು ಮುಚ್ಚಿ ಮತ್ತೆ ಮತ್ತೆ ಒಪ್ಪಿಸುತ್ತಿದ್ದಳು:

"ಕಿಟಕಿಯ ಸರಳು ಹಿಡಿದು ನಿಂತೆ,
ನನ್ನ ಜಾಗದಲ್ಲಿ ಯಾರೋ ಕುಳಿತಿದ್ದರು."

ವಿಜಯಲಕ್ಷ್ಮಿಯ ಕೈ ತಾನಾಗಿ ಪುಸ್ತಕದ ಕಡೆ ಚಾಚಿತು. ನೀಲಾ ಪುಸ್ತಕವನ್ನು ಎದೆಗೆ ಎಳೆದುಕೊಂಡಳು.

"ಅವ್ವಾ, ಮುಟ್ಟಬ್ಯಾಡ. ಬೂದಿ ಕೈ."

ವಿಜಯಲಕ್ಷ್ಮಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮಗಳು ಸಿಟ್ಟಿನಿಂದ ಅಂದದ್ದಲ್ಲ, ಸಹಜವಾಗಿ ಅಂದದ್ದು. ಆದರೂ ಮುಂದಿನ ಎಳೆ ಹೊಸೆಯುವಾಗ ಬೆರಳಿನಿಂದ ಜಾರಿತು.

ಶನಿವಾರದ ಮಾತನ್ನು ಎತ್ತಿದವಳೂ ನೀಲಾನೇ. ಈ ಪಾಠಕ್ಕೆಂದು ಯಾಸ್ಮಿನ ಟೀಚರ್ ಪ್ರತಿಯೊಬ್ಬರ ಮನೆಯಿಂದ ಒಬ್ಬ ಹಿರಿಯರನ್ನು ಕರೆತರಲು ಹೇಳಿದ್ದರು. ಬಂದವರು ತಮ್ಮ ಸಣ್ಣಂದಿನ ಸಾಲಿಯ ಬಗ್ಗೆ ನಾಲ್ಕು ಮಾತು ಆಡಬೇಕು. ಎಳೆ ಕೂಡಿಸುವ ಕೆಲಸ ಶನಿವಾರವೂ ಇರುತ್ತದೆ, ತನಗೆ ಆಗುವುದಿಲ್ಲ ಎಂದು ವಿಜಯಲಕ್ಷ್ಮಿ ಮೊದಲೇ ಹೇಳಿಬಿಟ್ಟಿದ್ದಳು. ಗಂಡ ಶ್ರೀಧರ ಅವತ್ತು ಸೀರೆಯ ಗಂಟು ಹೊತ್ತು ರೋಣಕ್ಕೆ ಹೋಗುವವನಿದ್ದ.

"ಅವನು ಇದ್ದಿದ್ರ ಚಲೋ ಇತ್ತು," ಬಾಗಿಲಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ ಸಣ್ಣವ್ವ ಅಂದಳು. "ಹತ್ತನೇ ಇಯತ್ತೆ ಪರೀಕ್ಷಾಕ್ಕ ಮೂರು ಸಲ ಕುಂತಾನ. ಮೂರು ಪಟ್ಟು ಹೇಳ್ತಿದ್ದ."

ನೀಲಾ ನಕ್ಕಳು. ಆಮೇಲೆ, ಯಾರೂ ಬರದವರು ಸುಮ್ಮನೆ ಕೂತು ಕೇಳಬಹುದಂತೆ, ಅದೇನು ದೊಡ್ಡ ಮಾತಲ್ಲ ಎಂದಳು. ದೊಡ್ಡ ಮಾತಲ್ಲ ಎಂದು ಎರಡು ಸಲ ಅಂದದ್ದು ವಿಜಯಲಕ್ಷ್ಮಿಗೆ ಕೇಳಿಸಿತು.

"ಕವಿ ಒಳಗ ಯಾಕ ಹೋಗಲಿಲ್ಲ, ಇದು ಮೂರು ಮಾರ್ಕ್ಸಿಂದು," ನೀಲಾ ಪುಟ ತಿರುವಿದಳು. "ಕಳೆದ ಕಾಲ ತಿರುಗಿ ಬರೂದಿಲ್ಲ ಅನ್ನೂದು ಅವಗ ಗೊತ್ತಿತ್ತು ಅಂತ ಗೈಡಿನ್ಯಾಗ ಐತಿ."

"ಅದಲ್ಲ," ವಿಜಯಲಕ್ಷ್ಮಿ ಎಳೆಯಿಂದ ಕಣ್ಣು ತೆಗೆಯದೆ ಅಂದಳು. "ಯಾರರೆ ಒಳಗ ಬಾ ಅಂದಿದ್ರ ಹೋಗ್ತಿದ್ದ."

ಆ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ಅವಳಿಗೇ ತಿಳಿಯಲಿಲ್ಲ.

ಮನೆಯವರು ಸಾಲಿ ಬಿಡಿಸಿದರು ಎಂದೇ ಅವಳು ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದಳು. ನೇಕಾರರ ಓಣಿಯಲ್ಲಿ ಅದನ್ನು ಯಾರೂ ತಿರುಗಿ ಕೇಳುವುದಿಲ್ಲ. ನಡೆದದ್ದು ಬೇರೆ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ದಿನಾ ಬೆಳಿಗ್ಗೆ ಒಂದು ತಾಸು ಎಳೆ ಕೂಡಿಸಿಯೇ ಸಾಲಿಗೆ ಓಡುತ್ತಿದ್ದಳು. ಒಂದು ದಿನ ಪದ್ಯವನ್ನು ಮುತ್ತಿನಂತೆ ಬರೆದು ಒಯ್ದಿದ್ದಳು. ಪುಟದ ಅಂಚಿಗೆಲ್ಲ ಅವಳ ಹೆಬ್ಬೆರಳಿನ ಬೂದಿ. ಪ್ರಭುಲಿಂಗಪ್ಪ ಮಾಸ್ತರರು ವಹಿಯನ್ನು ಎತ್ತಿ ಹಿಡಿದು, ಇದೇನು ವಹಿಯೋ ಒಲಿ ಒರಸೋ ಅರಿವಿಯೋ ಎಂದರು. ಅಕ್ಷರ ಚಲೋ ಅವ ಎಂದೂ ಅಂದರು, ಆದರೆ ಅಷ್ಟರಲ್ಲಿ ಎಲ್ಲರೂ ನಗುತ್ತಿದ್ದರು.

ಮರುದಿನ ಹೊಟ್ಟೆನೋವು ಎಂದಳು. ಅದರ ಮರುದಿನವೂ. ನಾಲ್ಕನೆಯ ದಿನ ಯಾರೂ ಕೇಳಲಿಲ್ಲ, ಹಾಸು ಲಗೂ ಮುಗಿಯುತ್ತದೆ ಎಂದು ಅವ್ವನಿಗೆ ಸಮಾಧಾನವೇ ಆಗಿತ್ತು. ಒಂದು ಸಂಜೆ ಮಾಸ್ತರರು ಓಣಿಯಲ್ಲಿ ಬಂದದ್ದನ್ನು ಕಂಡು ಅವಳು ಮಗ್ಗದ ಕೆಳಗಿನ, ಕಾಲು ಇಳಿಬಿಡುವ ಕುಣಿಯಲ್ಲಿ ಇಳಿದು ಕೂತಳು. ಅವರು ಬಾಗಿಲಲ್ಲಿ ನಿಂತರು. ಕುಣಿಯೊಳಗಿಂದ ಅವರ ಧೋತರದ ಅಂಚು, ಧೂಳು ಹತ್ತಿದ ಚಪ್ಪಲಿ ಕಾಣುತ್ತಿದ್ದವು. ಹೆಸರು ಹಿಡಿದು ಒಮ್ಮೆ ಕರೆದರೆ ಎದ್ದುಬಿಡುತ್ತೇನೆ ಎಂದು ಅವಳು ಉಸಿರು ಹಿಡಿದು ಕಾದಳು. ಚಪ್ಪಲಿ ಸ್ವಲ್ಪ ಹೊತ್ತು ಅಲ್ಲೇ ಇದ್ದು, ತಿರುಗಿ ಹೋಯಿತು.

ಶುಕ್ರವಾರ ಮಧ್ಯಾಹ್ನ ನೀಲಾ ಸಾಲಿಯಿಂದ ಬಂದವಳೇ ಚೀಲ ಇಳಿಸದೆ ವಹಿ ತೆರೆದು ತೋರಿಸಿದಳು. ಗೈಡಿನ ಉತ್ತರ ಬಿಟ್ಟು ಅವ್ವನ ಮಾತನ್ನೇ ಬರೆದಿದ್ದಳು. ಅದರ ಕೆಳಗೆ ಯಾಸ್ಮಿನ ಟೀಚರ್ ಕೆಂಪು ಪೆನ್ನಿನಲ್ಲಿ ಅಂಕ ಹಾಕದೆ, 'ಈ ಮಾತು ಯಾರದು?' ಎಂದು ಬರೆದಿದ್ದರು.

"ಏನಂತ ಬರೀಲಿ ಅವ್ವಾ?"

"ಏನೂ ಬರೀಬ್ಯಾಡ. ಹಂಗ ಇರ್ಲಿ."

ನೀಲಾ ವಹಿ ಮುಚ್ಚಿಕೊಂಡು ಒಳಗೆ ಹೋದಳು. ಎಳೆಯ ಎರಡು ದೊಡ್ಡ ಹಿಡಿ ಇನ್ನೂ ಉಳಿದಿದ್ದವು, ಶನಿವಾರದ ಮಧ್ಯಾಹ್ನದವರೆಗೆ ಸಾಕಾಗುವಷ್ಟು. ವಿಜಯಲಕ್ಷ್ಮಿ ಚಹಾಕ್ಕೂ ಏಳಲಿಲ್ಲ. ಬೆರಳು ಎಳೆಯಿಂದ ಎಳೆಗೆ ಹಾರುತ್ತಿದ್ದವು. ಬೂದಿ ಮುಗಿದಾಗ ತಾನೇ ಎದ್ದು ಒಲೆಯಿಂದ ಇನ್ನೊಂದು ಹಿಡಿ ತಂದುಕೊಂಡಳು. ಹೊತ್ತು ಮುಳುಗುವ ಮುಂಚೆ ಕೊನೆಯ ಎಳೆಯನ್ನು ಹೊಸೆದು ಬೆನ್ನು ನೆಟ್ಟಗೆ ಮಾಡಿದಳು.

ಸಣ್ಣವ್ವ ಬಂದು ಹಾಸಿನ ಮೇಲೆ ಅಂಗೈ ಆಡಿಸಿದಳು. "ನಾಳಿ ಮಟಾ ಹಿಡಿತೈತಿ ಅಂದಿದ್ಯಲ್ಲ. ಏನ ಅವಸರ ಇತ್ತ ನಿನಗ?"

"ಏನಿಲ್ಲರಿ ಅತ್ತಿ," ಎಂದು ವಿಜಯಲಕ್ಷ್ಮಿ ಬಚ್ಚಲಿಗೆ ನಡೆದಳು.

ಕೈಮೇಲೆ ನೀರು ಹಾಕಿಕೊಂಡು ಸಾಬೂನು ಹಚ್ಚಿದಳು. ಅಂಗೈ ಬೆಳ್ಳಗಾಯಿತು. ಹೆಬ್ಬೆರಳಿನ ಗೆರೆಗಳಲ್ಲಿ ಮಾತ್ರ ಬೂದಿ ಹಾಗೇ ಕೂತಿತ್ತು. ಬೇರೆ ದಿನಗಳಲ್ಲಿ, ಹೊರಗೆ ಹೋಗುವುದಿದ್ದರೆ, ನಿಂಬೆಯ ಹೋಳು ತಂದು ಅದು ಹೋಗುವ ತನಕ ತಿಕ್ಕುತ್ತಿದ್ದಳು. ಹೋಳು ಕಟ್ಟೆಯ ಮೇಲೇ ಇತ್ತು. ಒಳಗೆ ನೀಲಾ ಕಿಟಕಿಯ ಸಾಲನ್ನು ಮತ್ತೆ ಒಪ್ಪಿಸುತ್ತಿದ್ದಳು. ವಿಜಯಲಕ್ಷ್ಮಿ ಹೆಬ್ಬೆರಳನ್ನು ಸಂಜೆಯ ಬೆಳಕಿಗೆ ಹಿಡಿದು ನೋಡಿದಳು. ಹೋಳನ್ನು ಮುಟ್ಟದೆ, ಕೈಯನ್ನು ಸೆರಗಿಗೆ ಒರೆಸಿಕೊಂಡು, "ನೀಲಾ, ನಾಳಿ ಸಾಲಿಗೆ ಎಷ್ಟಕ್ಕ ಬರಬೇಕು?" ಎಂದು ಕೇಳಿದಳು.