ಆರು ತಿಂಗಳ ನಿವ್ವಳ

ತಂಗಿ ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳದೆ ಎಡಗೈ ಎತ್ತಿದಳು. ಸದ್ದು ಮಾಡಬೇಡಿ ಎಂದು ಅರ್ಥ. ಅಕ್ಕ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಳು. ಅಡುಗೆಮನೆಯಿಂದ ಟೀ ತಂದ ಅಮ್ಮ ತುದಿಗಾಲಲ್ಲಿ ನಡೆದು ಲೋಟವನ್ನು ಮೇಜಿನ ಮೇಲಿಟ್ಟು, ದೊಡ್ಡ ಮಗಳ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ತಂಗಿ ಒಂದು ಗುಂಡಿ ಒತ್ತಿ ಕುರ್ಚಿಗೆ ಒರಗಿ, "ನಲವತ್ತು ಪಾಯಿಂಟ್. ಸಾಕು ಇವತ್ತಿಗೆ" ಎಂದಳು. ಹನ್ನೊಂದು ನಿಮಿಷದ ಕೆಲಸ. ಅಕ್ಕ ನಾಲ್ಕು ದಿನ ಬಿಸಿಲಲ್ಲಿ ಅಲೆದರೆ ಬರುವಷ್ಟು ದುಡ್ಡು. ಬರಲಿ, ಯಾರು ಬೇಡ ಎಂದರು? ಆದರೆ ಆ ತುದಿಗಾಲು! ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಮ್ಮ ಒಂದು ದಿನವಾದರೂ ಅಕ್ಕನಿಗಾಗಿ ಹಾಗೆ ನಡೆದದ್ದಿಲ್ಲ.

ಅಕ್ಕ ತೂಕ ಮತ್ತು ಅಳತೆ ಇಲಾಖೆಯವಳು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು ಅವಳ ಕೆಲಸ. ತಂಗಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಾಳೆ. ಬೆಳಗಿನ ಹೊತ್ತು ಷೇರುಪೇಟೆ. ಅದೂ ಒಂದು ಕಂಪನಿಯ ಷೇರಲ್ಲ, ಇಡೀ ಪೇಟೆಯ ಏರಿಳಿತ ತೋರಿಸುವ ಸೂಚ್ಯಂಕದ ಫ್ಯೂಚರ್ಸ್, ಅದು ಎಷ್ಟು ಪಾಯಿಂಟ್ ಸರಿಯಿತೋ ಅಷ್ಟರ ಮೇಲೆ ದುಡ್ಡು. ಏರುತ್ತದೆ ಅನಿಸಿದರೆ ಕೊಳ್ಳುವುದು, ಇಳಿಯುತ್ತದೆ ಅನಿಸಿದರೆ ಮಾರುವುದು, ಏನೇ ಆಗಲಿ ಪೇಟೆ ಮುಚ್ಚುವುದರೊಳಗೆ ಕೈ ತೊಳೆದುಕೊಳ್ಳುವುದು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಹುಡುಗಿ. ಅವಳಿಗೆ ಪಾಠ ಹೇಳಿಕೊಟ್ಟು ದಡ ಮುಟ್ಟಿಸಿದವಳು ಅಕ್ಕ. ಈಗ ಅದೇ ಹುಡುಗಿ ಅಮ್ಮನಿಗೆ ವಾಷಿಂಗ್ ಮೆಷಿನ್ ತಂದುಕೊಟ್ಟಿದ್ದಾಳೆ. ಹದಿನೈದು ವರ್ಷ ಅಮ್ಮನ ಔಷಧಿಗೆ ಅಕ್ಕ ಸುರಿದ ದುಡ್ಡು ಯಾರ ಕಣ್ಣಿಗೂ ಬೀಳಲಿಲ್ಲ, ಔಷಧಿ ಹೊಟ್ಟೆಯೊಳಗೆ ಹೋಗುತ್ತದಲ್ಲ. ಮೆಷಿನ್ ಮಾತ್ರ ಮನೆಗೆ ಬಂದವರೆಲ್ಲ ನೋಡಲೇಬೇಕು. ಹೌದು, ಅಕ್ಕನಿಗೆ ಹೊಟ್ಟೆಕಿಚ್ಚು. ಅದನ್ನು ಅವಳು ತನ್ನಿಂದ ಮುಚ್ಚಿಟ್ಟುಕೊಂಡಿರಲಿಲ್ಲ, ಬೇರೆಯವರಿಂದ ಮುಚ್ಚಿಟ್ಟಿದ್ದಳು ಅಷ್ಟೆ.

"ಅಕ್ಕ, ನಿನ್ನಿಂದ ಒಂದು ಉಪಕಾರ ಆಗ್ಬೇಕು" ಎಂದಳು ತಂಗಿ. "ಡಾಕ್ಟರು ಆಚೆ ವಾರದಿಂದ ಇಡೀ ದಿನ ಬಾ ಅಂತಿದಾರೆ. ಸಂಬಳ ಡಬಲ್ಲು. ಬರಲ್ಲ ಅಂದ್ರೆ ಬೇರೆಯವರನ್ನ ಬೆಳಗ್ಗೆಗೆ ಇಟ್ಕೋತಾರೆ. ಹೋದ್ರೆ ಇದು ನಿಂತಂಗೇ, ಬೆಳಗ್ಗೆ ಹೊತ್ತೇ ಇರಲ್ಲ. ಬರೋ ಬುಧವಾರದೊಳಗೆ ಹೇಳ್ಬೇಕು."

"ನೀನು ಲಕ್ಷಗಟ್ಟಲೆ ಮಾಡ್ತಿದೀಯಲ್ಲ, ಮತ್ತೇನು ಯೋಚನೆ?"

"ನನ್ನ ಪುಸ್ತಕ ಹಾಗನ್ನುತ್ತೆ. ನನಗೆ ನನ್ನ ಮೇಲೇ ನಂಬಿಕೆ ಇಲ್ಲ ಕಣೇ. ಗೆದ್ದಿದ್ದು ನೆನಪಿರುತ್ತೆ, ಸೋತಿದ್ದು ಮರೆತುಹೋಗುತ್ತೆ. ನೀನು ಯಾವ ಅಂಗಡಿಯವನ ಮುಖಾನೂ ನೋಡಲ್ಲ, ಮುಳ್ಳು ನೋಡ್ತೀಯ. ನನ್ನದೂ ಹಂಗೇ ನೋಡು." ಒಂದು ನೋಟ್‌ಪುಸ್ತಕ, ಜೊತೆಗೆ ಬ್ರೋಕರ್ ದಿನಾ ಕಳಿಸುವ ಚೀಟಿಗಳ ದಪ್ಪ ಕಟ್ಟು ಅಕ್ಕನ ಕೈಗೆ ಬಂತು. ಆರು ತಿಂಗಳದ್ದು.

ಭಾನುವಾರ ಮಧ್ಯಾಹ್ನ ಅಕ್ಕ ಊಟ ಮುಗಿಸಿ ಕೂತಳು. ನೋಟ್‌ಪುಸ್ತಕದ ಪ್ರಕಾರ ಲಾಭ ಮೂರು ಲಕ್ಷ ಹತ್ತು ಸಾವಿರ. ಆಮೇಲೆ ಚೀಟಿ ಬಿಚ್ಚಿದಳು. ತಂಗಿ ಗುಂಡಿ ಒತ್ತುವಾಗ ಪರದೆಯ ಮೇಲೆ ಕಂಡ ದರ ಬರೆದುಕೊಂಡಿದ್ದಳು, ನಿಜಕ್ಕೂ ಸಿಕ್ಕಿದ ದರ ಪ್ರತಿ ಸಲ ಒಂದೆರಡು ಪಾಯಿಂಟ್ ನಷ್ಟದ ಕಡೆಗೇ. ಒಂದೆರಡು ಪಾಯಿಂಟೇ, ಆದರೆ ದಿನಕ್ಕೆ ನಾಲ್ಕು ಸಲ. ಇನ್ನೊಂದು ತಮಾಷೆ. ಹತ್ತೊಂಬತ್ತು ದಿನದ ಮುಂದೆ ಅಂಕಿಯೇ ಇಲ್ಲ, 'ಅಭ್ಯಾಸ' ಎಂದು ಬರೆದಿತ್ತು. ಚೀಟಿ ನೋಡಿದರೆ ಹತ್ತೊಂಬತ್ತೂ ದಿನ ಚೆನ್ನಾಗಿ ಪೆಟ್ಟು ತಿಂದಿದ್ದಾಳೆ. ಸೋತ ದಿನವೆಲ್ಲ ಅಭ್ಯಾಸ, ಗೆದ್ದ ದಿನ ಮಾತ್ರ ಪಂದ್ಯ. "ಎಲಾ ಇವಳ" ಎಂದಳು ಅಕ್ಕ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಗಂಡ, "ಯಾಕೆ, ಒಳ್ಳೆ ಖುಷಿಯಲ್ಲಿದೀಯ?" ಎಂದ. ಅವಳು ಮುಂದಿನ ಚೀಟಿ ಬಿಡಿಸಿದಳು.

ಪ್ರತಿ ಚೀಟಿಯ ಕೊನೆಯ ಸಾಲಿನ ಅಂಕಿ ಎತ್ತಿ ಕೂಡಿದಳು. ಅರವತ್ತಾರು ಸಾವಿರ ಉಳಿಯಿತು. ಅದರಿಂದ ಬ್ರೋಕರ್ ಕಮಿಷನ್, ತೆರಿಗೆ, ಅದು ಇದು ಶುಲ್ಕ, ಒಟ್ಟು ಎಂಬತ್ತೊಂದು ಸಾವಿರ ಕಳೆದಳು. ಹದಿನೈದು ಸಾವಿರ ನಷ್ಟ. ಕೆಲಸದಲ್ಲಿ ಯಾವ ತೂಕವನ್ನೂ ಮೂರು ಸಲ ಇಟ್ಟು ನೋಡದೆ ಸಹಿ ಹಾಕದವಳು ಪೆನ್ನಿನ ಮುಚ್ಚಳ ಹಾಕಿ, ಎದ್ದು ಮುಖ ತೊಳೆದುಕೊಂಡು, ಒಳ್ಳೆಯ ಸೀರೆಯುಟ್ಟು ಅಮ್ಮನ ಮನೆಗೆ ಹೊರಟಳು.

ತಂಗಿ ಜಗಳವಾಡುತ್ತಾಳೆ ಎಂದುಕೊಂಡಿದ್ದಳು. ಅದಕ್ಕೆ ಬೇಕಾದ ಉತ್ತರಗಳನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದಳು. ತಂಗಿ ಮಾತ್ರ 'ಅಭ್ಯಾಸ' ಎಂದು ಬರೆದ ಪುಟಗಳನ್ನು ಒಂದೊಂದಾಗಿ ನೋಡಿ, "ಇದನ್ನ ನಾನೇ ಬರೆದಿದೀನಲ್ಲ" ಎಂದು ನಕ್ಕಳು. ನಗುತ್ತಾ ಕಣ್ಣಲ್ಲಿ ನೀರು ಬಂತು.

"ಆರು ತಿಂಗಳು ಬೆಳಗ್ಗೆ ಎದ್ದು ಕೂತಿದ್ದಕ್ಕೆ ಹದಿನೈದು ಸಾವಿರ ನಾನೇ ಕೊಟ್ಟಿದೀನಿ ಅನ್ನು."

"ಇಂಥಾದ್ದರಲ್ಲಿ ಉಳಿಸಿಕೊಳ್ಳೋರು ಎಲ್ಲೋ ಒಬ್ಬರೋ ಇಬ್ಬರೋ. ನಿನ್ನ ತಪ್ಪಲ್ಲ ಬಿಡು" ಎಂದಳು ಅಕ್ಕ. ದೊಡ್ಡ ಮನಸ್ಸಿನಿಂದ ಮಾತಾಡುವುದು ಇಷ್ಟು ಸುಖವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಬೇರೆ ಯಾರಾದ್ರೂ ಹೇಳಿದ್ರೆ ಹೊಟ್ಟೆಕಿಚ್ಚಿಗೆ ಹೇಳ್ತಿದಾರೆ ಅಂದ್ಕೋತಿದ್ದೆ" ಎಂದಳು ತಂಗಿ.

ಮಂಗಳವಾರ ಅಕ್ಕ ಒಂದು ಗುಜರಿ ಅಂಗಡಿಗೆ ಹೋದಳು. ಹಳೇ ಪೇಪರ್ ಮಾರಿದ ಯಾರೋ ದೂರು ಕೊಟ್ಟಿದ್ದರು. ತೂಕದ ಮೆಷಿನ್ ಸರಿಯಾಗಿಯೇ ಇತ್ತು. ಅವಳ ಎದುರಿಗೇ ಅಂಗಡಿಯವನು ಒಬ್ಬರ ಪೇಪರನ್ನು ಬುಟ್ಟಿಗೆ ತುಂಬಿ ತೂಗಿ, "ಹನ್ನೆರಡು ಕಿಲೋ, ಬುಟ್ಟಿದು ಎರಡು ಹೋದ್ರೆ ಹತ್ತು" ಎಂದ. ಖಾಲಿ ಬುಟ್ಟಿ ಇಟ್ಟಾಗಲೇ ಅವನು ಮೆಷಿನ್ನಿನ ಗುಂಡಿ ಒತ್ತಿ ಸೊನ್ನೆಗೆ ತಂದದ್ದನ್ನು ಅಕ್ಕ ನೋಡಿದ್ದಳು.

"ಬುಟ್ಟಿ ತೂಕ ಮೆಷಿನ್ನೇ ಕಳೆದಿದೆಯಲ್ರೀ. ನೀವು ಮತ್ಯಾಕೆ ಕಳೀತೀರಿ?"

"ರೂಢಿ ಮೇಡಂ, ಗೊತ್ತಾಗ್ಲಿಲ್ಲ."

"ಗೊತ್ತಿಲ್ಲದೆ ಮಾಡಿದ್ರೆ ತಪ್ಪು. ಇವತ್ತು ಗೊತ್ತಾಯ್ತು, ನಾಳೆಯಿಂದ ಮಾಡಿದ್ರೆ ಕೇಸು" ಎಂದು ಬರೆಯತೊಡಗಿದವಳ ಕೈ ಅಲ್ಲೇ ನಿಂತಿತು.

ಚೀಟಿಗಳ ಕಟ್ಟು ಇನ್ನೂ ಅವಳ ಚೀಲದಲ್ಲೇ ಇತ್ತು. ಹೊರಗೆ ಬಂದು ಗೋಡೆಗೆ ಒರಗಿಸಿದ್ದ ತಗಡುಗಳ ಪಕ್ಕದಲ್ಲಿ ನಿಂತು ಒಂದನ್ನು ಬಿಡಿಸಿದಳು. ಮೇಲೆ ಕೊಂಡದ್ದು, ಮಾರಿದ್ದು. ಕೆಳಗೆ ಕಮಿಷನ್, ತೆರಿಗೆ, ಶುಲ್ಕ. ಅದರ ಕೆಳಗೆ ಕೊನೆಯ ಸಾಲು, ಸಣ್ಣ ಅಕ್ಷರದಲ್ಲಿ: ಎಲ್ಲ ಕಳೆದು ನಿವ್ವಳ. ಇನ್ನೊಂದು ಬಿಡಿಸಿದಳು. ಹತ್ತನೆಯದನ್ನೂ ಬಿಡಿಸಿದಳು. ಚೀಟಿಯೇ ಕಳೆದದ್ದನ್ನು ಅವಳು ಮತ್ತೊಮ್ಮೆ ಕಳೆದಿದ್ದಳು. ನಷ್ಟವಿಲ್ಲ. ಅರವತ್ತಾರು ಸಾವಿರ ನಿಜವಾದ ಲಾಭ, ತಿಂಗಳಿಗೆ ಹನ್ನೊಂದು. ಮೂರು ಲಕ್ಷದ ಕನಸಲ್ಲ, ನಿಜ. ಆದರೆ ಸಂಜೆಯ ಸಂಬಳದ ಜೊತೆ ಸೇರಿಸಿದರೆ ಇಡೀ ದಿನ ಕ್ಲಿನಿಕ್ಕಿನಲ್ಲಿ ಕೂತು ತರುವುದಕ್ಕಿಂತ ಸಾವಿರ ಎರಡು ಸಾವಿರ ಮಾತ್ರ ಕಡಿಮೆ. ಅಭ್ಯಾಸದ ಪೆಟ್ಟು, ಜಾರಿದ ದರ, ಶುಲ್ಕ ಎಲ್ಲ ತುಂಬಿಕೊಟ್ಟ ಮೇಲೂ ಉಳಿಸಿದ್ದಾಳೆ. ಎಲ್ಲೋ ಒಬ್ಬರೋ ಇಬ್ಬರೋ ಎಂದು ತಾನೇ ಹೇಳಿದ್ದಳಲ್ಲ, ಆ ಒಬ್ಬಳು ಇವಳೇ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು.

ಅವಳು ಫೋನ್ ಮಾಡಿದಳು. ಹೇಳಬೇಕೆಂದೇ ಮಾಡಿದಳು, ಅದರಲ್ಲಿ ಸುಳ್ಳಿಲ್ಲ.

"ಅಕ್ಕ, ನಾನೇ ಮಾಡೋಣ ಅಂತಿದ್ದೆ" ಎಂದಳು ತಂಗಿ. "ನಾಳೆ ಡಾಕ್ಟರಿಗೆ ಹೂಂ ಅಂತೀನಿ. ಹೂಂ ಅಂದ್ಮೇಲೆ ಮುಗೀತು, ಈ ಖಾತೆ ಮುಚ್ಚಿಬಿಡ್ತೀನಿ, ಇಲ್ದಿದ್ರೆ ಮನಸ್ಸು ಎಳೆಯುತ್ತೆ. ಅಮ್ಮ ಮೊನ್ನೆಯಿಂದ ಒಂದೇ ಸಮ ಹೇಳ್ತಿದಾಳೆ, ದೊಡ್ಡವಳು ಇಲ್ದಿದ್ರೆ ನಾವು ಮುಳುಗಿಹೋಗ್ತಿದ್ವಿ ಅಂತ. ಎಲ್ಲಾರಿಗೂ ಅದೇ ಕತೆ ಈಗ." ಆಮೇಲೆ ಕೇಳಿದಳು, "ಅಕ್ಕ, ಬೇಜಾರು ಮಾಡ್ಕೋಬೇಡ. ಆ ಲೆಕ್ಕ ಇನ್ನೊಂದು ಸಲ ನೋಡ್ತೀಯಾ? ಒಂದೇ ಒಂದು ಸಲ."

ಅಂಗಡಿಯೊಳಗೆ ಯಾರೋ ಬಾಟಲಿಗಳನ್ನು ಗೋಣಿಗೆ ಸುರಿದರು. ಆ ಸದ್ದು ನಿಲ್ಲುವವರೆಗೆ ಅಕ್ಕ ಕಾದಳು.

"ಈಗ ತಾನೇ ನೋಡ್ದೆ. ಸರಿಯಾಗೇ ಇದೆ."

"ಸರಿ ಹಾಗಾದ್ರೆ" ಎಂದಳು ತಂಗಿ. ಅವಳ ದನಿಯಲ್ಲಿ ಬೇಸರಕ್ಕಿಂತ ಹೆಚ್ಚಾಗಿ ನೆಮ್ಮದಿಯೇ ಇತ್ತು.

ಮುಂದಿನ ವಾರ ಒಂದು ದಿನ, ಬೆಳಗ್ಗೆ ಹತ್ತೂವರೆ ಇರಬೇಕು, ಅಕ್ಕ ಕ್ಲಿನಿಕ್ಕಿನ ರಸ್ತೆಯಲ್ಲೇ ತಪಾಸಣೆಗೆ ಹೋಗುತ್ತಿದ್ದಳು. ಬೇರೆ ದಾರಿಯೂ ಇತ್ತು. ಗಾಜಿನ ಹಿಂದೆ ತಂಗಿ ಬಿಳಿ ಕೋಟು ಹಾಕಿಕೊಂಡು, ಕೆನ್ನೆ ಊದಿದ ಒಬ್ಬ ಮುದುಕಿಗೆ ಬಗ್ಗಿ ಚೀಟಿ ಕೊಡುತ್ತಿದ್ದಳು. ತಲೆ ಎತ್ತಿದಾಗ ಅಕ್ಕ ಕಂಡಳು. ತಂಗಿಯ ಮುಖ ಅರಳಿತು. ಮುದುಕಿಯ ತೋಳು ಮುಟ್ಟಿ, ರಸ್ತೆಯ ಕಡೆ ಬೆರಳು ತೋರಿಸಿ ಏನೋ ಹೇಳಿದಳು. ಗಾಜಿನಿಂದಾಗಿ ಮಾತು ಕೇಳಿಸಲಿಲ್ಲ, ತುಟಿ ಮಾತ್ರ ಕಂಡಿತು: ನಮ್ಮಕ್ಕ. ಮುದುಕಿ ಊದಿದ ಕೆನ್ನೆಯಲ್ಲೇ ಕಷ್ಟಪಟ್ಟು ನಗುತ್ತಾ ಅಕ್ಕನಿಗೆ ಎರಡೂ ಕೈ ಮುಗಿದಳು.