ಎತ್ತರದ ಗಾಡಿ, ತುಂಬಿದ ತೊಟ್ಟಿ

ಸ್ವಾಮಿ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ನೋಡಿರುವ ಹೀರೋಗಳು ಓಡುವ ರೈಲಿನಿಂದ ಹಾರಿರಬಹುದು, ಉರಿಯುವ ಕಟ್ಟಡದೊಳಗೆ ನುಗ್ಗಿರಬಹುದು. ಆದರೆ ಬ್ರೇಕ್ ಹಾಕಿದ ಪಿಕಪ್ ಗಾಡಿಯ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಗಾಳಿಯಲ್ಲಿ ಹಾರಿಬಂದ ಬಂಗಾರದ ಮೀನನ್ನು ಒಂದೇ ಕೈಯಲ್ಲಿ ಹಿಡಿದವನನ್ನು ನೋಡಿದ್ದೀರಾ? ಇಲ್ಲ ತಾನೆ. ಹಾಗಾದರೆ ಸುಮ್ಮನೆ ಕೂತು ಕೇಳಿ.

ಬೀದಿಯವರು ಅವನನ್ನು ಡೈಲಾಗ್ ಎಂದೇ ಕರೆಯುತ್ತಿದ್ದರು. ಟೀ ಬೇಕೇ ಎಂದು ಕೇಳಿದರೂ ಕಾಲರ್ ಎತ್ತಿ, ಅರ್ಧ ತಿರುಗಿ, "ಬೇಕು ಅಂತ ನಾನು ಕೇಳಲ್ಲ, ಬೇಕಾದಾಗ ಅದೇ ನನ್ನ ಹುಡುಕ್ಕೊಂಡ್ ಬರುತ್ತೆ" ಎನ್ನುತ್ತಿದ್ದ. ಟೀ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಅವನ ಅಪ್ಪನದು ಅಲಂಕಾರದ ಮೀನಿನ ಅಂಗಡಿ. ಗಾಜು ಅಂಟಿಸಿ ತೊಟ್ಟಿ ಮಾಡುವುದು, ಮೀನು ಸಾಕುವುದು, ಎರಡನ್ನೂ ಪಿಕಪ್‌ನಲ್ಲಿ ಗಿರಾಕಿಗಳಿಗೆ ಮುಟ್ಟಿಸುವುದು. ಅಪ್ಪನಿಗೆ ಸೊಂಟ ಹಿಡಿದುಕೊಂಡ ಮೇಲೆ ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದಿದ್ದರು. ಹಾಗಾದರೆ ಗಾಡಿ ಯಾರ ಕೈಗೆ, ಅಕ್ಕನಿಗೋ ತಮ್ಮನಿಗೋ? ಅಕ್ಕ ಓಡಿಸಿದರೆ ಹಿಂದಿದ್ದ ಮೀನುಗಳಿಗೆ ತೂಕಡಿಕೆ ಬರುತ್ತಿತ್ತು. ಡೈಲಾಗ್‌ಗಾದರೋ ಈ ಭೂಮಿಯ ಮೇಲೆ ಬೇಕಾಗಿದ್ದದ್ದು ಆ ಗಾಡಿಯ ಕೀ ಒಂದೇ.

ಅಪ್ಪ ವಿಶ್ರಾಂತಿಗೆಂದು ಅತ್ತೆ ಮನೆಗೆ ಹೋಗಿದ್ದಾಗ ಡೈಲಾಗ್ ಗಾಡಿಯನ್ನು ತನ್ನ ಗೆಳೆಯ ಮೆಕ್ಯಾನಿಕ್ ಹತ್ತಿರ ಒಯ್ದ. ಸ್ಪ್ರಿಂಗುಗಳ ಕೆಳಗೆ ಕಬ್ಬಿಣದ ದಿಂಡು ಕೊಟ್ಟು ಗಾಡಿ ಎತ್ತರಿಸಿದರು. ಎಮ್ಮೆ ಮಲಗಿದಂತಿರುವ ನಾಲ್ಕು ಟಯರ್ ಹಾಕಿದರು.

"ಲೋ, ಟಯರ್ ದೊಡ್ಡದಾದ್ರೆ ಗೇರಿನ ಹಲ್ಲೂ ಬದಲಾಯಿಸ್ಬೇಕು ಕಣೋ. ಬ್ರೇಕೂ ದೊಡ್ಡದು ಹಾಕ್ಬೇಕು," ಎಂದ ಮೆಕ್ಯಾನಿಕ್.

"ಅವು ಹೊರಗಡೆ ಕಾಣುತ್ತಾ?"

"ಇಲ್ಲ."

"ಮತ್ತೆ ಯಾಕೆ?"

ಅಪ್ಪ ಊರಿಂದ ಬಂದವರು ಅಂಗಡಿ ಮುಂದೆ ನಿಂತು ಬಹಳ ಹೊತ್ತು ಮೇಲೆ ನೋಡಿದರು. ಮೊದಲು ಗಾಡಿಯ ಬಾಗಿಲು ಅವರ ಹೊಟ್ಟೆಯ ಮಟ್ಟಕ್ಕಿತ್ತು. ಈಗ ಹಿಡಿಕೆ ಹುಡುಕಲು ಕತ್ತು ಎತ್ತಬೇಕಾಗಿತ್ತು.

"ಇದನ್ನ ಹತ್ತೋದು ಹೇಗೋ, ಏಣಿ ಹಾಕ್ಕೊಂಡಾ?"

"ಅಪ್ಪ, ಇದು ರೋಡಿಗೆ ಇಳಿದ್ರೆ ರೋಡೇ ಸೈಡ್ ಕೊಡುತ್ತೆ."

ಅಪ್ಪ ಬೈಯಲಿಲ್ಲ. ಅವರು ಬೈಯದಿದ್ದರೇ ಹೆಚ್ಚು ಭಯ. "ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್‌ಗೆ ಇವತ್ತು ಮೀನು ಹೋಗ್ಬೇಕು. ನೀನೇ ಓಡಿಸು. ಎಲ್ಲಾ ಮೀನೂ ಜೀವಂತ ಮುಟ್ಟಿದ್ರೆ ಕೀ ನಿಂದು. ಒಂದು ಸತ್ರೂ ಅಕ್ಕಂದು. ಅಕ್ಕ ಜೊತೇಲಿ ಬರ್ತಾಳೆ."

ಮೀನುಗಳಲ್ಲೆಲ್ಲ ದೊಡ್ಡದು ಚೇರ್ಮನ್. ಮುಷ್ಟಿ ಗಾತ್ರದ ಬಂಗಾರದ ಮೀನು, ಹಣೆ ಉಬ್ಬಿಕೊಂಡು, ಯಾರ ಅರ್ಜಿಯನ್ನೂ ಒಪ್ಪದ ಮುಖ. ಹಲ್ಲು ಕೀಳಿಸಿಕೊಳ್ಳಲು ಬಂದವರು ಇದನ್ನು ನೋಡುತ್ತಾ ನೋವು ಮರೆಯಲಿ ಎಂದು ಡಾಕ್ಟರಮ್ಮ ತಾವೇ ಬಂದು ಆರಿಸಿದ್ದರು.

ತೊಟ್ಟಿಯನ್ನು ಗಾಡಿಗೇರಿಸುವುದರಲ್ಲೇ ಮೊದಲ ಫೈಟ್ ಸೀನು ಮುಗಿಯಿತು. ಮೊದಲೆಲ್ಲ ಸೊಂಟದ ಮಟ್ಟಕ್ಕೆ ಎತ್ತಿ ತಳ್ಳಿದರೆ ಸಾಕಿತ್ತು. ಈಗ ಎದೆಗಿಂತ ಮೇಲೆ ಎತ್ತಬೇಕು. ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ ಹಿಡಿದು ಏರಿಸುವಷ್ಟರಲ್ಲಿ ಡೈಲಾಗ್‌ನ ಹೊಸ ಶರ್ಟು ನೀರಲ್ಲಿ ತೊಯ್ದು ಮೈಗಂಟಿತು. ತೊಟ್ಟಿಯ ಬಾಯಿಗೆ ಬಲೆ ಹೊದಿಸಿ ಈ ಕಡೆ ಹಗ್ಗ ಕಟ್ಟಿದ. ಆ ಕಡೆಗೆ ಕೈ ಎಟುಕಲಿಲ್ಲ.

"ಆ ಕಡೆನೂ ಕಟ್ಟೋ," ಎಂದಳು ಅಕ್ಕ, ಬಾಗಿಲಿಗೆ ಜೋತುಬಿದ್ದು ಸೀಟು ಹತ್ತುತ್ತಾ.

"ಹೀರೋ ಒಂದೇ ಗಂಟು ಹಾಕೋದು."

ಏರು ಬಂತು. ಡೈಲಾಗ್ ಆಕ್ಸಿಲರೇಟರ್ ಒತ್ತಿದ. ಎಂಜಿನ್ ಬಾಯಿ ಬಡಿದುಕೊಂಡಿತು, ಟಯರ್‌ಗಳು ಕೇಳಿಸಿಕೊಳ್ಳಲೇ ಇಲ್ಲ. ಪಕ್ಕದಲ್ಲಿ ಸೋಫಾ ಹೇರಿದ್ದ ತಳ್ಳುಗಾಡಿಯವನು ಬೀಡಿ ಸೇದುತ್ತಾ ಇವರನ್ನು ದಾಟಿ ಹೋದ.

"ರೋಡ್ ಸೈಡ್ ಕೊಟ್ಟಿದೆ, ಹೋಗಪ್ಪ," ಎಂದಳು ಅಕ್ಕ.

"ಸಿಂಹ ನಿಧಾನವಾಗೇ ನಡೆಯೋದು."

"ಸಿಂಹಕ್ಕೆ ಇಷ್ಟು ಡೀಸೆಲ್ ಬೇಕಾಗಲ್ಲ ಕಣೋ."

ತಿರುವು ಬಂತು. ಗಾಡಿ ತಿರುಗಿತು, ಮೇಲಿನ ಭಾಗ ಮಾತ್ರ ಹಳೆಯ ರಸ್ತೆಯ ಕಡೆಗೇ ವಾಲಿತು. ಅಕ್ಕ ಹಿಂದಿನ ಗಾಜಿನಲ್ಲಿ ನೋಡಿದಳು. ತೊಟ್ಟಿಯ ನೀರು ಒಂದು ಬದಿಗೆ ಏರಿ, ಚೇರ್ಮನ್ ಸಭೆ ಬಿಟ್ಟು ಎದ್ದು ಹೊರಟವನಂತೆ ಅಂಚಿಗೆ ಬಂದಿತ್ತು.

"ನಿಧಾನ ಕಣೋ, ಗಾಡಿ ತಲೆಭಾರ ಆಗಿದೆ."

"ಮೂವತ್ತರಲ್ಲಿದ್ದೀನಿ. ಮೀಟರಿನ ಮುಳ್ಳು ನೋಡು."

"ಮುಳ್ಳು ಸುಳ್ಳು ಹೇಳ್ತಿದೆ. ದೊಡ್ಡ ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ. ಮುಳ್ಳಿಗೇನು ಗೊತ್ತು, ಅದಿನ್ನೂ ಹಳೇ ಟಯರ್ ಲೆಕ್ಕಾನೇ ಒಪ್ಪಿಸ್ತಿದೆ."

ಡೈಲಾಗ್ ನಕ್ಕ. ಆಗಲೇ ಇಳಿಜಾರು ಶುರುವಾಗಿತ್ತು. ಕೆಳಗೆ ಸಿಗ್ನಲ್ಲು ಕೆಂಪಾಯಿತು. ಮುಂದೆ ಒಂದು ಕಾರು ನಿಂತಿತು. ಡೈಲಾಗ್ ಯಾವಾಗಲೂ ಬ್ರೇಕ್ ಒತ್ತುವ ಜಾಗದಲ್ಲೇ ಒತ್ತಿದ. ಗಾಡಿ ಯಾವಾಗಲೂ ನಿಲ್ಲುವ ಜಾಗ ಬಂತು, ಹೋಯಿತು. ಆ ಭಾರದ ಚಕ್ರಗಳನ್ನು ಹಿಡಿಯಲು ಹಳೆಯ ಬ್ರೇಕಿಗೆ ತಾಕತ್ತು ಸಾಲದು. ಅವನು ಸೀಟಿನಿಂದ ಎದ್ದು ನಿಂತು ಪೆಡಲ್ ತುಳಿದ. ಕಾರಿಗೆ ಗೇಣು ದೂರದಲ್ಲಿ ಗಾಡಿ ಮೂಗು ತಗ್ಗಿಸಿ ನಿಂತಿತು.

ಗಾಡಿ ನಿಂತಿತು, ನೀರು ನಿಲ್ಲಲಿಲ್ಲ. ಒಂದೇ ಗಂಟಿನ ಬಲೆ ಬಾಯಿ ಬಿಟ್ಟಿತು. ಅಲೆಯೊಂದು ಎದ್ದು ಕ್ಯಾಬಿನ್ ಮೇಲಿಂದ ಹಾಯ್ದು ಮುಂದಿನ ಗಾಜಿನ ಮೇಲೆ ಸುರಿಯಿತು. ಅದರ ತುದಿಯಲ್ಲಿ, ಬಿಸಿಲಲ್ಲಿ ಫಳಫಳ ಹೊಳೆಯುತ್ತಾ, ಚೇರ್ಮನ್.

ಈಗ ಕೇಳಿ. ಕಾಲ ನಿಂತಿತು. ನಮ್ಮ ಡೈಲಾಗ್ ಒಂದು ಕೈ ಸ್ಟೇರಿಂಗ್ ಮೇಲಿಟ್ಟು, ಕಿಟಕಿಯಿಂದ ಹೊರಗೆ ಚಿಮ್ಮಿ, ಮೀನನ್ನು ಗಾಳಿಯಲ್ಲೇ ಹಿಡಿದು, "ನನ್ನ ಗಾಡಿ ಹತ್ತಿದವರು ನಾನು ಹೇಳಿದ ಮೇಲೇ ಇಳಿಯೋದು" ಎಂದ. ಸಿಗ್ನಲ್‌ನಲ್ಲಿದ್ದವರೆಲ್ಲ ಶಿಳ್ಳೆ ಹೊಡೆದರು. ಅಪ್ಪ ಕಣ್ಣೀರು ಒರೆಸಿಕೊಂಡು ಕೀ ಕೊಟ್ಟರು. ಶುಭಂ.

ನೀವು ಹೀಗೆ ಗುರಾಯಿಸಬೇಡಿ. ಸರಿ, ನಿಜ ಹೇಳುತ್ತೇನೆ.

ಅವನು ಚಿಮ್ಮಲಿಲ್ಲ. ಎರಡೂ ಕಾಲು ಬ್ರೇಕ್ ಮೇಲಿಟ್ಟು, ಕಣ್ಣು ಮುಚ್ಚಿ, ಗಾಬರಿಯಲ್ಲಿ ವೈಪರ್ ಹಾಕಿದ. ಚೇರ್ಮನ್ ಗಾಜಿನ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿಬರುತ್ತಾ ಒಳಗಿದ್ದ ಡೈಲಾಗ್‌ನನ್ನೇ ನೋಡುತ್ತಿತ್ತು.

ಇಳಿದವಳು ಅಕ್ಕ. ಇಳಿದಳೆನ್ನುವುದಕ್ಕಿಂತ ಬಿದ್ದಳೆನ್ನಬೇಕು, ಅಷ್ಟು ಎತ್ತರ. ಮಂಡಿ ತರಚಿತು. ತನ್ನ ಊಟದ ಡಬ್ಬಿಯನ್ನು ರಸ್ತೆಗೇ ಬರಿದು ಮಾಡಿ, ಟಯರ್ ಮೇಲೆ ಕಾಲಿಟ್ಟು ತೊಟ್ಟಿಯ ನೀರು ಮೊಗೆದು, ಚೇರ್ಮನ್‌ನನ್ನು ಗಾಜಿನಿಂದ ಎತ್ತಿ ಡಬ್ಬಿಯೊಳಗೆ ಬಿಟ್ಟಳು. ಬಲೆ ಎರಡೂ ಕಡೆ ಕಟ್ಟಿದಳು. ಆಮೇಲೆ ಡ್ರೈವರ್ ಬಾಗಿಲು ತೆಗೆದು, "ಆ ಕಡೆ ಸರಿ" ಎಂದಳು.

ಅವನು ಸರಿದ. ಕ್ಲಿನಿಕ್ ಮುಟ್ಟುವವರೆಗೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದ. ಅಕ್ಕ ಗಾಡಿಯನ್ನು ತೆವಳಿಸುತ್ತಾ ಓಡಿಸಿದಳು.

ಸಂಜೆ ಅಪ್ಪ ಕೇಳಿದರು. "ಎಲ್ಲಾ ಮೀನೂ ಜೀವಂತ ಮುಟ್ಟಿದ್ವಾ?"

"ಎಲ್ಲಾ ಮುಟ್ಟಿದ್ವು ಅಪ್ಪ," ಎಂದಳು ಅಕ್ಕ. ಅಷ್ಟೇ. ತರಚಿದ ಮಂಡಿಯ ಮೇಲೆ ದುಪಟ್ಟಾ ಎಳೆದುಕೊಂಡಳು.

ಮಾತು ಮಾತೇ. ಅಪ್ಪ ಕೀ ತೆಗೆದು ಮಗನ ಮುಂದೆ ಹಿಡಿದರು. ಡೈಲಾಗ್ ಕೈ ಚಾಚಿದ, ಮತ್ತೆ ಕೈ ಹಿಂದಕ್ಕೆಳೆದು ಪ್ಯಾಂಟಿಗೆ ಒರೆಸಿಕೊಂಡ.

"ಅಕ್ಕಂಗೆ ಕೊಡಿ ಅಪ್ಪ. ಚೇರ್ಮನ್ ಗಾಜಿನ ಮೇಲೆ ಬಿದ್ದಿತ್ತು. ನಾನು ಕಣ್ಣು ಮುಚ್ಕೊಂಡ್ಬಿಟ್ಟೆ. ಎತ್ತಿದ್ದು ಅವಳೇ."

ಅಪ್ಪ ಇಬ್ಬರನ್ನೂ ನೋಡಿದರು. ಕೀ ಅಕ್ಕನ ಕೈಗೆ ಹೋಯಿತು. ಅವಳು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೇಳಿದಳು:

"ಬೆಳಗ್ಗೆ ಬೇಗ ಏಳೋ. ಹಳೇ ಟಯರ್ ಹಾಕಿಸ್ಬೇಕು, ಜಾಕಿ ಹಾಕೋಕೆ ಜನ ಬೇಕು."